ಪಾಪಸಂಕೀರ್ತನೆ ಆಯಿತು, ನೆಮ್ಮದಿ ಬರಲಿಲ್ಲ

ಕಬ್ಬಿನಗದ್ದೆ · ಭಾನುವಾರ ರಾತ್ರಿ

ಬಹಳ ದಿನಗಳಿಂದ ಈ ವೇದಿಕೆಯಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಊರು ಮಂಡ್ಯ. ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ವಯಸ್ಸು ನಲವತ್ತೆರಡು. ಅಜ್ಜನ ಕಾಲದಿಂದಲೂ ನಮ್ಮದು ಕಥೋಲಿಕ ಮನೆ.

2017ರಲ್ಲಿ ನಾನು ಮೊಬೈಲಿನಲ್ಲಿ ಪಂದ್ಯಗಳ ಮೇಲೆ ಹಣ ಕಟ್ಟುವ ಚಟಕ್ಕೆ ಬಿದ್ದಿದ್ದೆ. ಸಾಲಗಾರರ ಕಾಟ ಹೆಚ್ಚಾದಾಗ ಅಮ್ಮನ ಬೀರುವಿನಿಂದ ಅವಳ ಅವಲಕ್ಕಿ ಸರ ತೆಗೆದು ಅಡವಿಟ್ಟೆ. 32 ಗ್ರಾಂ. ಮೂರು ತಿಂಗಳಲ್ಲಿ ಬಿಡಿಸಿ ಇದ್ದ ಜಾಗದಲ್ಲೇ ಇಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಡ್ಡಿ ಕಟ್ಟಲೂ ಆಗಲಿಲ್ಲ. ಮುಂದಿನ ವರ್ಷ ಸರ ಹರಾಜಿಗೆ ಹೋಯಿತು. ಅಷ್ಟರಲ್ಲಿ ಅಮ್ಮನಿಗೆ ಸರ ಕಾಣೆಯಾಗಿರುವುದು ಗೊತ್ತಾಗಿ, ಮನೆಕೆಲಸದವಳ ಮೇಲೆ ಅನುಮಾನ ಬಂದು ಅವಳನ್ನು ಬಿಡಿಸಿಬಿಟ್ಟಳು. 2021ರಲ್ಲಿ ಅಮ್ಮ ತೀರಿಕೊಂಡಳು. ಕೊನೆಯವರೆಗೂ ಅವಳಿಗೆ ನಿಜ ಗೊತ್ತಾಗಲಿಲ್ಲ.

ಚಟ ಬಿಟ್ಟು ಐದು ವರ್ಷವಾಯಿತು. ಈಸ್ಟರ್‌ಗೆ ಮುಂಚಿನ ಹೋದ ತಪಸ್ಸುಕಾಲದಲ್ಲಿ ಧೈರ್ಯ ಮಾಡಿ ಪಾಪಸಂಕೀರ್ತನೆ ಮಾಡಿದೆ. ಸರ ಕದ್ದದ್ದನ್ನು, ಅಮ್ಮನಿಗೆ ಮೋಸ ಮಾಡಿದ್ದನ್ನು ಹೇಳಿದೆ. ಗುರುಗಳು ಸಮಾಧಾನದಿಂದ ಕೇಳಿದರು, ಪಾಪಕ್ಷಮೆ ನೀಡಿದರು. ಹೊರಗೆ ಬಂದಾಗ ಎದೆ ಹಗುರವಾಗಿತ್ತು. ಅದು ಎರಡು ದಿನ ಉಳಿಯಿತು, ಅಷ್ಟೇ.

ಈಗ ಭಾನುವಾರಗಳಲ್ಲಿ ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕ್ರಿಸ್ತನ ದೇಹವೆಂದು ನಾವು ಸ್ವೀಕರಿಸುವ ಪರಮಪ್ರಸಾದಕ್ಕೆ ಮುಂಚೆ ಎಲ್ಲರೂ ಸೇರಿ, ಪ್ರಭುವೇ ನೀನು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ ಎಂದು ಹೇಳುತ್ತೇವಲ್ಲ, ಹೇಳಿದವರೆಲ್ಲ ಎದ್ದು ಸಾಲಿನಲ್ಲಿ ನಿಲ್ಲುತ್ತಾರೆ. ನಾನೂ ಹೇಳುತ್ತೇನೆ, ಆದರೆ ಏಳುವುದಿಲ್ಲ. ಪಕ್ಕದವರು ದಾಟಿಕೊಂಡು ಹೋಗಲೆಂದು ಮೊಣಕಾಲು ಓರೆ ಮಾಡಿ ಕುಳಿತಿರುತ್ತೇನೆ. ದೇವರು ಕ್ಷಮಿಸಿದ್ದಾನೆಂದು ನಂಬುತ್ತೇನೆ. ಹಾಗಾದರೆ ನಾನು ಇನ್ನೂ ಕವಡೆ ಕಿಮ್ಮತ್ತಿಲ್ಲದವನು ಎಂದು ಯಾಕೆ ಅನ್ನಿಸುತ್ತದೆ? ಅಮ್ಮನ ಕಾಲು ಹಿಡಿಯೋಣವೆಂದರೆ ಅವಳಿಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ.

ಜಪಸರ · ಸೋಮವಾರ ಬೆಳಗ್ಗೆ

ನಾನು ಮೈಸೂರಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು. ನೀವು ಕೂರುವ ಆ ದೇವಾಲಯದ ಒಂದು ಸಂಗತಿ ಹೇಳುತ್ತೇನೆ. 1933ರ ಅಕ್ಟೋಬರ್ 28ರಂದು ಅದಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಈ ಕಟ್ಟಡ ಎರಡು ಬುನಾದಿಗಳ ಮೇಲೆ ಭದ್ರವಾಗಿ ನಿಲ್ಲುತ್ತದೆ, ಒಂದು ದೇವರ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ ಎಂಬ ಅರ್ಥದ ಮಾತನ್ನು ಅಂದು ಅವರು ಆಡಿದರು. ನಮ್ಮ ಧರ್ಮದವರಲ್ಲದ ಒಬ್ಬ ಅರಸರು ಕೃಪೆಯ ವಿಷಯವನ್ನು ಇಷ್ಟು ಚೆನ್ನಾಗಿ ಹೇಳಿದ್ದಾರೆಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ಅವರು ಹೇಳಿದ ಎರಡರಲ್ಲಿ ನಮ್ಮ ಯೋಗ್ಯತೆ ಎಂಬುದು ಎಲ್ಲೂ ಇಲ್ಲ, ಗಮನಿಸಿ. 175 ಅಡಿಯ ಆ ಎರಡು ಗೋಪುರಗಳ ಕೆಳಗೆ ಕುಳಿತು ನೀವು ಹುಡುಕುತ್ತಿರುವುದು ಬುನಾದಿಯಲ್ಲಿ ಹಾಕದೇ ಇರುವ ಕಲ್ಲನ್ನು.

ಪರಮಪ್ರಸಾದದಿಂದ ದೂರ ಉಳಿಯಬೇಡಿ. ಇನ್ನೊಮ್ಮೆ ಗುರುಗಳನ್ನು ಕಾಣಿ. ಪಾಪಸಂಕೀರ್ತನೆಯಲ್ಲಿ ಕೇಳಿದ್ದನ್ನು ಅವರು ಪ್ರಾಣ ಹೋದರೂ ಹೊರಗೆ ಆಡುವಂತಿಲ್ಲ, ಅದು ನಿಮಗೂ ಗೊತ್ತು.

ನಿತ್ಯ ಪ್ರಯಾಣಿಕ · ಸೋಮವಾರ ಬೆಳಗ್ಗೆ

ನಾನು ಕ್ರೈಸ್ತನಲ್ಲ. ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವಾಗ ಇಲ್ಲಿಯ ಚರ್ಚೆಗಳನ್ನು ಓದುತ್ತೇನೆ. ನೋಯಿಸುವ ಉದ್ದೇಶ ಇಲ್ಲ, ಆದರೆ ಪ್ರಾಮಾಣಿಕವಾಗಿ ಕೇಳುತ್ತೇನೆ. ನಮ್ಮಜ್ಜಿ ಮಾತೆತ್ತಿದರೆ ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುತ್ತಿದ್ದಳು. ಕಠಿಣ ಮಾತು, ಆದರೆ ಅದರಲ್ಲಿ ನ್ಯಾಯವಿದೆ. ಮಾಡಿದವನು ಉಣ್ಣದೆ ಎದ್ದು ಹೋದರೆ ಆ ಎಲೆಯ ಮೇಲಿನದನ್ನು ಉಣ್ಣುವವರು ಯಾರು? ಕ್ಷಮೆ ಎಂದರೆ ಎಲೆಯನ್ನೇ ಮಡಚಿ ಎಸೆದಂತೆ ಅಲ್ಲವೇ? ಈ ಸಹೋದರರ ಸಂಕಟ ನನಗೆ ಅರ್ಥವಾಗುತ್ತದೆ. ಬಹುಶಃ ಅವರಿಗೂ ಒಳಗೊಳಗೇ ಈ ಪ್ರಶ್ನೆ ಇರಬಹುದು.

ಹಳೆಯ ಮೇಷ್ಟ್ರು · ಸೋಮವಾರ ಮಧ್ಯಾಹ್ನ

ನಿತ್ಯ ಪ್ರಯಾಣಿಕರೇ, ಎಲೆಯ ಪ್ರಶ್ನೆ ಸರಿಯಾದ ಪ್ರಶ್ನೆ. ನಾನು ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್ ಪಂಗಡದವನು, ಮೂವತ್ತು ವರ್ಷ ಗಣಿತ ಕಲಿಸಿದವನು. ಆದ್ದರಿಂದ ನನಗೆ ಲೆಕ್ಕದ ಮೂಲಕವೇ ಈ ಸಂಗತಿ ಅರ್ಥವಾದದ್ದು.

ಯೇಸು ಪಾಪದ ವಿಷಯ ಆಡುವಾಗ ಹೆಚ್ಚಾಗಿ ಸಾಲದ ಭಾಷೆ ಬಳಸುತ್ತಾನೆ. ಅವನು ಕಲಿಸಿದ ಪ್ರಾರ್ಥನೆಯಲ್ಲಿ, ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಇರುವ ಪದಕ್ಕೆ ನೇರ ಅರ್ಥ ‘ಸಾಲಗಳು’ ಎಂದೇ. ಕಬ್ಬಿನ ಬಾಕಿ, ಕೈಸಾಲ, ಪತ್ರದ ಸಾಲ ಇವುಗಳ ನಡುವೆಯೇ ಬೆಳೆದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತಾಯ 18ರಲ್ಲಿ ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿರುತ್ತದೆ. ಒಂದು ತಲಾಂತು ಎಂದರೆ 6,000 ದೆನಾರಿ. ಒಂದು ದೆನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಗುಣಿಸಿ ನೋಡಿ, 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಲು 2 ಲಕ್ಷ ವರ್ಷ ಬೇಕು. ಆ ಸೇವಕ ಅರಸನ ಕಾಲಿಗೆ ಬಿದ್ದು ಏನೆನ್ನುತ್ತಾನೆ ಗೊತ್ತೇ? ಸ್ವಲ್ಪ ತಾಳಿ, ಎಲ್ಲವನ್ನೂ ತೀರಿಸುತ್ತೇನೆ! ಮೂರು ತಿಂಗಳಲ್ಲಿ ಸರ ಬಿಡಿಸುತ್ತೇನೆ ಎಂದುಕೊಂಡ ನಮ್ಮ ಗೆಳೆಯನ ದನಿಯೂ ಅದೇ. ಅರಸನು ಗಡುವು ಕೊಡಲಿಲ್ಲ, ಕಂತು ಮಾಡಲಿಲ್ಲ. ಇಡೀ ಸಾಲವನ್ನೇ ಬಿಟ್ಟುಬಿಟ್ಟ. ಆದರೆ ಸಾಲ ಬಿಟ್ಟಾಗ ಅದು ಗಾಳಿಗೆ ಹೋಗುವುದಿಲ್ಲ. ಕೊಟ್ಟವನ ಗಂಟು ಕರಗುತ್ತದೆ. ನೀವು ಕೇಳಿದ ಎಲೆಯಲ್ಲಿ ಉಂಡವನು ಅರಸ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತು. ಕ್ಷಮಿಸಿ ಎನ್ನುವುದಕ್ಕೆ ನಾವು ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ನಿಮ್ಮ ಅಜ್ಜಿಯ ಗಾದೆಯನ್ನು ಶಿಲುಬೆ ಸುಳ್ಳು ಮಾಡಲಿಲ್ಲ. ಮಾಡಿದ್ದನ್ನು ಉಣ್ಣಲೇಬೇಕು. ನಾನು ಮಾಡಿದ್ದನ್ನು ಅವನು ತನ್ನ ಹೊಟ್ಟೆಗೆ ಹಾಕಿಕೊಂಡ, ನನ್ನ ನಂಬಿಕೆಯ ತಿರುಳು ಇಷ್ಟೇ. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ನನ್ನ ಕೈ ನಡುಗುತ್ತದೆ.

ಮಾತು ಕಡಿಮೆ · ಸೋಮವಾರ ರಾತ್ರಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಮಾತ್ರ ಮೊದಲ ಬರಹದಲ್ಲಿ ಒಂದು ಸಾಲಿನಿಂದ ಮುಂದೆ ಹೋಗಲು ಆಗಲಿಲ್ಲ. ‘ಮನೆಕೆಲಸದವಳ ಮೇಲೆ ಅನುಮಾನ ಬಂದು ಅವಳನ್ನು ಬಿಡಿಸಿಬಿಟ್ಟಳು.’

ಸರದ ತೂಕ ಬರೆದಿದ್ದೀರಿ. ಅದರ ಹೆಸರು ಬರೆದಿದ್ದೀರಿ. ಆ ಹೆಂಗಸು ಎಷ್ಟು ವರ್ಷ ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿದಳು, ಆಮೇಲೆ ಎಲ್ಲಿಗೆ ಹೋದಳು, ಬರೆದಿಲ್ಲ. ಸಹೋದರರೇ, ನೀವು ಕ್ಷಮೆ ಕೇಳಬೇಕಾದವರೆಲ್ಲ ತೀರಿಹೋಗಿದ್ದಾರೆ ಎಂದುಕೊಂಡಿದ್ದೀರಿ. ಒಬ್ಬಳು ಬದುಕಿರಬಹುದು.

ನನಗೇಕೆ ಇಷ್ಟು ಉರಿಯುತ್ತದೆ ಎಂದರೆ, ನಾನೂ ಅಂಥವಳೇ. ಮೈಸೂರಿನ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಬೆಳ್ಳಿಯ ಕುಂಕುಮದ ಬಟ್ಟಲು ಕಾಣಿಸಲಿಲ್ಲವೆಂದು ನನ್ನ ಚೀಲ ಸುರಿಸಿ ನೋಡಿದರು. ನನ್ನ ಬಾಚಣಿಗೆ, ಮಾತ್ರೆ, ಮಗನ ಶಾಲೆಯ ರಸೀದಿ ಎಲ್ಲ ಹಾಲ್‌ನ ನೆಲದ ಮೇಲೆ ಬಿದ್ದವು. ಬಟ್ಟಲು ಆಮೇಲೆ ದೇವರ ಮನೆಯ ಮಣೆಯ ಹಿಂದೆ ಸಿಕ್ಕಿತಂತೆ. ನನ್ನನ್ನು ಕರೆದು ಹೇಳಲಿಲ್ಲ. ಪಕ್ಕದ ಮನೆಯ ಕೆಲಸದವಳಿಂದ ಗೊತ್ತಾಯಿತು.

ಹೊಟ್ಟೆಗೆ ಹಾಕಿಕೋ, ಹೊಟ್ಟೆಗೆ ಹಾಕಿಕೋ ಎಂದು ನನಗೆ ಎಷ್ಟು ಜನ ಹೇಳಿದರು! ಬಡವಳ ಹೊಟ್ಟೆ ಎಷ್ಟು ದೊಡ್ಡದಿರಬೇಕು? ನಾನೂ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆ, ಯೇಸುವನ್ನು ನಂಬುತ್ತೇನೆ. ಅವನು ಹೊಟ್ಟೆಗೆ ಹಾಕಿಕೊಂಡದ್ದು ತಾನಾಗಿಯೇ, ಒತ್ತಾಯದಿಂದಲ್ಲ. ನಮ್ಮ ಬಾಯಿಗೆ ತುರುಕುತ್ತಾರೆ.

ಆಕೆಯ ವಿಷಯವನ್ನೂ ಗುರುಗಳಿಗೆ ಹೇಳಿದಿರಾ?

ನಿರ್ವಾಹಕರು · ಸೋಮವಾರ ರಾತ್ರಿ

ಮಾತು ಕಡಿಮೆ ಅವರ ಬರಹದ ದನಿ ಕಟುವಾಗಿದೆ ಎಂದು ಇಬ್ಬರು ದೂರು ಕಳುಹಿಸಿದ್ದಾರೆ. ಓದಿ ನೋಡಿದೆವು, ಅದು ಹಾಗೆಯೇ ಇರುತ್ತದೆ.

ಕಬ್ಬಿನಗದ್ದೆ · ಮಂಗಳವಾರ ನಸುಕಿನಲ್ಲಿ

ಹೇಳಲಿಲ್ಲ.

ನಾಲ್ಕು ಸಲ ಉತ್ತರ ಬರೆದು ಅಳಿಸಿದೆ. ಅಮ್ಮ ಅನುಮಾನಪಟ್ಟಳು, ನಾನಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಅಂದು ನಾನು ಮನೆಯಲ್ಲಿದ್ದೆ. ಹನ್ನೊಂದು ವರ್ಷ ನಮ್ಮ ಮನೆಗೆ ಬಂದವರು ಅವರು. ನನ್ನ ಮದುವೆಯಲ್ಲಿ ಮೂರು ದಿನ ಒಲೆಯ ಮುಂದಿನಿಂದ ಎದ್ದವರಲ್ಲ. ಅಮ್ಮ ಕೇಳಿದಾಗ ಅವರು ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ, ನನ್ನ ಕಡೆ ತಿರುಗಿ, ‘ನೀನಾದರೂ ಹೇಳಪ್ಪ’ ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಇದನ್ನು ನಾನು ಯಾರಿಗೂ ಹೇಳಿಲ್ಲ. ಪಾಪಸಂಕೀರ್ತನೆಯಲ್ಲೂ ಸರದ ಮಾತೇ ಆಡಿದೆ. ಸರದ ಪಾಪ ಹೇಳಿಕೊಳ್ಳುವಾಗ ಅಳು ಬರುತ್ತದೆ, ಅಳುವುದರಲ್ಲಿ ಒಂದು ಸಮಾಧಾನವೂ ಇರುತ್ತದೆ. ಇದನ್ನು ನೆನೆದರೆ ಅಳುವೂ ಬರುವುದಿಲ್ಲ, ಬಾಯಿ ಒಣಗುತ್ತದೆ.

ಜಪಸರ · ಮಂಗಳವಾರ ಬೆಳಗ್ಗೆ

ನನ್ನ ಮೊದಲ ಉತ್ತರ ಅವಸರದ್ದಾಯಿತು. ನಾನೂ ಆ ಸಾಲನ್ನು ದಾಟಿಕೊಂಡು ಹೋಗಿದ್ದೆ. ಮಾತು ಕಡಿಮೆ ಅವರೇ, ಕ್ಷಮಿಸಿ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶದ 1459ನೆಯ ಪರಿಚ್ಛೇದ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದ ಆದ ಹಾನಿಯೆಲ್ಲ ಅದರಿಂದ ಸರಿಹೋಗುವುದಿಲ್ಲ. ಆದಷ್ಟು ಮಟ್ಟಿಗೆ ನಾವೇ ಸರಿಪಡಿಸಬೇಕು. ಅಲ್ಲಿ ಕೊಟ್ಟಿರುವ ಉದಾಹರಣೆಗಳು ಏನು ಗೊತ್ತೇ? ಕದ್ದದ್ದನ್ನು ಹಿಂದಿರುಗಿಸುವುದು, ಕಳಂಕ ಹೊತ್ತವರ ಮಾನವನ್ನು ಮರಳಿ ಕೊಡುವುದು. ಮಕ್ಕಳಿಗೆ ಪಾಠ ಹೇಳುವಾಗ ನಾನು ಎಷ್ಟೋ ಸಲ ಇದನ್ನು ಓದಿ ಮುಂದೆ ಹೋಗಿದ್ದೇನೆ.

ಇನ್ನೊಂದು ಮಾತು ರಾತ್ರಿಯೆಲ್ಲ ತಲೆಯಲ್ಲಿ ತಿರುಗುತ್ತಿತ್ತು. ನೀವು ಬೆಂಚಿನಲ್ಲಿ ಕುಳಿತು ಹೇಳುವ ‘ನಾನು ಯೋಗ್ಯನಲ್ಲ’ ಎಂಬ ಮಾತು ನಮ್ಮದಲ್ಲ. ಅದನ್ನು ಮೊದಲು ಆಡಿದವನು ಒಬ್ಬ ರೋಮನ್ ಶತಾಧಿಪತಿ, ಅಂದರೆ ನೂರು ಸೈನಿಕರ ನಾಯಕ. ಅವನು ಯೇಸುವಿನ ಮುಂದೆ ಬೇಡಿದ್ದು ತನಗಾಗಿ ಅಲ್ಲ. ಅವನ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ಆಳಿಗಾಗಿ. ಪ್ರತಿ ಭಾನುವಾರ ನಾವು ಆ ಮಾತನ್ನು ಎರವಲು ತಂದು ನಮ್ಮ ಆತ್ಮಕ್ಕೆ ಬಳಸಿಕೊಳ್ಳುತ್ತೇವೆ, ಆಳನ್ನು ಮರೆಯುತ್ತೇವೆ. ನಿಮ್ಮನ್ನು ಬೆಂಚಿನಲ್ಲಿ ಕಟ್ಟಿಹಾಕಿರುವುದು ದೇವರ ಕೋಪವಲ್ಲ. ಪವಿತ್ರಾತ್ಮರು ನಿಮ್ಮ ತೋಳು ಹಿಡಿದು ಬೇರೆ ಕಡೆಗೆ ಎಳೆಯುತ್ತಿರಬಹುದು.

ಹಳೆಯ ಮೇಷ್ಟ್ರು · ಮಂಗಳವಾರ ಬೆಳಗ್ಗೆ

ನಾನು ಲೆಕ್ಕದ ಅರ್ಧವನ್ನೇ ಹೇಳಿದ್ದೆ. ಅದೇ ಕಥೆಯಲ್ಲಿ ಎರಡನೆಯ ಸಾಲವಿದೆ, ಜೊತೆಯ ಸೇವಕನೊಬ್ಬ ಈ ಸೇವಕನಿಗೆ ಕೊಡಬೇಕಾಗಿದ್ದ 100 ದೆನಾರಿ. ಬೋಧಕರು ಅದನ್ನು ಚಿಲ್ಲರೆ ಎಂಬಂತೆ ಹೇಳಿಬಿಡುತ್ತಾರೆ. ನೂರು ದಿನದ ಕೂಲಿ ಚಿಲ್ಲರೆಯೇ? 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಹಳ್ಳಿಯ ಮನೆಗೆ ಇಡೀ ವರ್ಷಕ್ಕೆ ಕೊಟ್ಟ ಭರವಸೆಯೇ ನೂರು ದಿನ. ಮಾತು ಕಡಿಮೆ ಅವರ ನೋವು ನಿಜವಾದ ನೋವು, ಅದನ್ನು ತಲಾಂತಿನ ಪಕ್ಕದಲ್ಲಿಟ್ಟು ಸಣ್ಣದು ಮಾಡಬಾರದು.

ಜಕ್ಕಾಯನನ್ನು ನೆನೆಯಿರಿ. ಸುಂಕದವನು, ಊರನ್ನು ಸುಲಿದವನು. ಯೇಸು ಅವನಿಗೆ ಮೊದಲು ಲೆಕ್ಕ ತೀರಿಸು ಎನ್ನಲಿಲ್ಲ. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದ. ಆಮೇಲೆಯೇ ಜಕ್ಕಾಯ ಎದ್ದು ನಿಂತು, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದದ್ದು. ಕೃಪೆಗಾಗಿ ಅವನು ಕೊಟ್ಟದ್ದಲ್ಲ, ಕೃಪೆ ಮನೆಯೊಳಗೆ ಬಂದು ಕುಳಿತಿತ್ತು, ಆದ್ದರಿಂದ ಕೊಟ್ಟ. ಬೈಬಲಿನ ಯಾಜಕಕಾಂಡದ ಆರನೆಯ ಅಧ್ಯಾಯದಲ್ಲಿ ಇನ್ನೂ ಹಳೆಯ ಕಟ್ಟಳೆ ಇದೆ. ಮೋಸದಿಂದ ಪಡೆದದ್ದರ ಪೂರ್ತಿ ಮೊತ್ತಕ್ಕೆ ಐದನೆಯ ಒಂದು ಪಾಲು ಸೇರಿಸಿ ಅದರ ಒಡೆಯನಿಗೆ ಕೊಡಬೇಕು.

ರಾತ್ರಿಪಾಳಿ · ಮಂಗಳವಾರ ಸಂಜೆ

ನಾನು ಮೈಸೂರಿನಲ್ಲಿ ನರ್ಸ್. ನನಗೆ ಶಾಸ್ತ್ರ ಅಷ್ಟು ತಿಳಿಯದು. ‘ಕವಡೆ ಕಿಮ್ಮತ್ತಿಲ್ಲದವನು’ ಎಂಬ ಮಾತಿಗೆ ಮಾತ್ರ ಉತ್ತರ ಕೊಡಬೇಕು ಅನ್ನಿಸಿತು.

ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವಾಗ ನಮ್ಮಮ್ಮ ಕೊಸರು ಹಾಕಿಸಿಕೊಳ್ಳದೆ ಚೀಲ ಮಡಚುತ್ತಿರಲಿಲ್ಲ. ನಾಲ್ಕು ಕಂತೆ ಕೊಂಡರೆ ಮೇಲೊಂದು ಹಿಡಿ ಕೊತ್ತಂಬರಿ. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಸುವಾರ್ತೆಯಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿದರೆ ಐದನೆಯ ಗುಬ್ಬಿ ಕೊಸರು. ಬೆಲೆಯೇ ಇಲ್ಲದ್ದು, ಮಾರುವವನು ಸುಮ್ಮನೆ ಮೇಲೆ ಹಾಕಿದ್ದು. ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಎನ್ನುತ್ತಾನೆ ಯೇಸು. ನಾನು ಐದನೆಯ ಹೆಣ್ಣುಮಗಳು, ನಾಲ್ವರು ಅಕ್ಕಂದಿರ ಮೇಲೆ ಹುಟ್ಟಿದವಳು. ಈ ಮಾತು ನನ್ನನ್ನು ಎಷ್ಟು ರಾತ್ರಿ ಹಿಡಿದು ನಿಲ್ಲಿಸಿದೆಯೋ ಲೆಕ್ಕವಿಲ್ಲ.

ಸಾಯುವವರ ಪಕ್ಕದಲ್ಲಿ ಕುಳಿತು ಒಂದು ಗಮನಿಸಿದ್ದೇನೆ. ತಮಗೆ ಬೆಲೆಯಿಲ್ಲ ಎಂದುಕೊಂಡವರಿಗೆ ಕ್ಷಮೆ ಕೇಳುವುದು ಬಹಳ ಕಷ್ಟ. ಕಳೆದುಕೊಳ್ಳಲು ಉಳಿದಿರುವ ಚೂರು ಮಾನವನ್ನೂ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ದೇವರ ಲೆಕ್ಕದಲ್ಲಿ ನಾನಿದ್ದೇನೆ ಎಂಬ ಧೈರ್ಯ ಬಂದವರು ಕೈ ಸಡಿಲಿಸುತ್ತಾರೆ, ಮಗನನ್ನೋ ಸೊಸೆಯನ್ನೋ ಕರೆಸಿ ಎನ್ನುತ್ತಾರೆ. ನಿಮಗೆ ಬೆಲೆಯಿದೆ, ಸಹೋದರರೇ. ಆ ಬೆಲೆಯ ಬಲದ ಮೇಲೆ ಆಕೆಯ ಮನೆಗೆ ಹೋಗಿ.

ಗಂಜಾಂನವಳು · ಮಂಗಳವಾರ ರಾತ್ರಿ

ಸ್ವಲ್ಪ ಬೇರೆ ಮಾತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದ್ಯುಬುವಾ ಹೆಸರಿನ ಚರ್ಚ್ ಇದೆ. 1799ರ ಯುದ್ಧದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅವರು. ಸಿಡುಬಿನ ಲಸಿಕೆಯನ್ನು ಈ ಸೀಮೆಯ ಜನರಿಗೆ ಹಾಕಿಸಲು ದುಡಿದರು. 1823ರಲ್ಲಿ ಹೊರಟು ಹೋಗುವ ಹೊತ್ತಿಗೆ, ಈ ನಾಡಿನಲ್ಲಿ ಧರ್ಮಪ್ರಚಾರದ ಕೆಲಸ ಫಲಿಸುವುದೇ ಇಲ್ಲ ಎಂಬ ನಿರ್ಧಾರಕ್ಕೆ ಬಂದಿದ್ದರು, ಹಾಗೆಂದು ಪತ್ರಗಳಲ್ಲಿ ಬರೆದು ಅಚ್ಚು ಹಾಕಿಸಿದರು. ಮೂವತ್ತು ವರ್ಷ ದುಡಿದು ಸೋತೆನೆಂದು ನಂಬಿ ಹೋದವರ ಚರ್ಚ್ ಮುಂದೆ ನಾನು ಚಿಕ್ಕವಳಾಗಿ ಕುಂಟೆಬಿಲ್ಲೆ ಆಡಿದ್ದೇನೆ. ನಾನು ಯೋಗ್ಯನಲ್ಲ, ನನ್ನಿಂದ ಏನೂ ಆಗಲಿಲ್ಲ ಎಂಬ ತೀರ್ಪನ್ನು ನಮ್ಮ ಬಗ್ಗೆ ನಾವೇ ಬರೆದುಕೊಳ್ಳುವಾಗ ನನಗೆ ಅವರು ನೆನಪಾಗುತ್ತಾರೆ.

ನಿತ್ಯ ಪ್ರಯಾಣಿಕ · ಬುಧವಾರ ಬೆಳಗ್ಗೆ

ಮೇಷ್ಟ್ರ ಉತ್ತರ ಓದಿ ಪಾಂಡವಪುರದಲ್ಲಿ ಇಳಿಯಬೇಕಾದವನ ಹಾಗೆ ಎದ್ದು ನಿಂತುಬಿಟ್ಟಿದ್ದೆ, ನಾನು ಇಳಿಯುವುದು ಮೈಸೂರಿನಲ್ಲಿ. ಉಂಡವನು ಅರಸ ಎಂಬ ಮಾತನ್ನು ಒಪ್ಪಿದೆನೋ ಇಲ್ಲವೋ, ಮರೆಯಲಾರೆ. ಆದರೆ ನನ್ನ ಪ್ರಶ್ನೆಯ ಅರ್ಧಕ್ಕೆ ಉತ್ತರ ಕೊಟ್ಟವರು ಮಾತು ಕಡಿಮೆ. ಎಲೆಯ ಮೇಲಿನದನ್ನು ಇಷ್ಟು ವರ್ಷ ಉಣ್ಣುತ್ತಿದ್ದವಳು ಆ ಹೆಂಗಸು.

ಮಾತು ಕಡಿಮೆ · ಬುಧವಾರ ಮಧ್ಯಾಹ್ನ

ಹೋಗುವುದಾದರೆ ಒಂದು ಮಾತು. ಕ್ಷಮಿಸಿ ಎಂದು ಬೇಡಲು ಹೋಗಬೇಡಿ. ನೀವು ಕಾಲಿಗೆ ಬಿದ್ದರೆ, ಅತ್ತರೆ, ಆಕೆ ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಅದೂ ಅವಳಿಗೆ ಒಂದು ಕೆಲಸವೇ. ನಿಜ ಹೇಳಲು ಹೋಗಿ. ಹೇಳಿದ ಮೇಲೆ ಆಕೆ ಬೈದರೆ ಬೈಸಿಕೊಳ್ಳಿ, ಬಾಗಿಲು ಹಾಕಿದರೆ ಬನ್ನಿ. ಉತ್ತರ ಕೊಡುವ ಅವಸರ ಆಕೆಗಿಲ್ಲ.

ನನ್ನ ಚೀಲ ಸುರಿಸಿದವರು ಬಂದು ‘ಬಟ್ಟಲು ಸಿಕ್ಕಿತು’ ಎಂದಿದ್ದರೆ ನನಗೆ ಅಷ್ಟೇ ಸಾಕಾಗಿತ್ತು.

ಕಬ್ಬಿನಗದ್ದೆ · ಹನ್ನೆರಡು ದಿನಗಳ ನಂತರ

ಮೊದಲು ಗುರುಗಳ ಬಳಿ ಹೋಗಿ ಬಿಟ್ಟಿದ್ದನ್ನೂ ಹೇಳಿದೆ. ಆಮೇಲೆ ಅಮ್ಮನ ಹಳೆಯ ಡೈರಿ ತೆಗೆದೆ. ತಿಂಗಳ ಸಂಬಳ ಬರೆದಿಡುತ್ತಿದ್ದಳು. ಕೊನೆಯ ನಮೂದು 1,800 ರೂಪಾಯಿ. ಅವರ ಊರು ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಆಚೆ. ಅಷ್ಟು ಮಾತ್ರ ನೆನಪಿತ್ತು. ಕೇಳಿಕೊಂಡು ಹೋದೆ.

ಮನೆ ಸಿಕ್ಕಿತು. ಅವರು ಈಗ ಮಗಳ ಮನೆಯಲ್ಲಿದ್ದಾರೆ. ರೇಷ್ಮೆ ಸಾಕುತ್ತಾರೆ. ನಾನು ಹೋದ ದಿನ ಹುಳು ಹಣ್ಣಾಗಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಾಲ್ಕನೆಯ ಜ್ವರ (ಪೊರೆ ಬಿಡುವ ಹೊತ್ತು) ಎದ್ದು ಒಂದು ವಾರ ಸೊಪ್ಪು ತಿಂದ ಮೇಲೆ ಹುಳು ಮೇವು ಬಿಡುತ್ತದೆ, ಮೈ ತಿಳಿಯಾಗಿ ಬೆಳಕಿಗೆ ಹಿಡಿದರೆ ಪಾರಾಗಿ ಕಾಣುತ್ತದೆ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಆಗಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡಮಾಡಿದರೆ ನೂಲು ಹಾಳು. ಅವರು ನನ್ನನ್ನು ನೋಡಿದರು, ಗುರುತು ಹಿಡಿದರು. ಏಳಲಿಲ್ಲ. ಹಣ್ಣಾದ ಹುಳುಗಳನ್ನು ಬೆರಳ ತುದಿಯಲ್ಲಿ ಎತ್ತಿ ಚಂದ್ರಿಕೆಯ ಸುತ್ತುಗಳಲ್ಲಿ ಬಿಡುತ್ತಲೇ ಇದ್ದರು.

ನಿಂತುಕೊಂಡೇ ಹೇಳಿದೆ. ಸರ ತೆಗೆದದ್ದು ನಾನು. ಅಂದು ನೀವು ನನ್ನನ್ನು ಕೇಳಿದಾಗ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊರಗೆ ಹೋದೆ. ಮಾತು ಕಡಿಮೆ ಅವರು ಹೇಳಿದ್ದು ನೆನಪಿಟ್ಟುಕೊಂಡು ಅಲ್ಲಿಗೆ ನಿಲ್ಲಿಸಿದೆ.

ಬಹಳ ಹೊತ್ತು, ಇನ್ನೂ ಹಣ್ಣಾಗದ ಹುಳುಗಳು ಸೊಪ್ಪು ಮೇಯುವ ಸದ್ದು ಮಾತ್ರ, ಸಣ್ಣ ಮಳೆ ಬಂದ ಹಾಗೆ. ಆಮೇಲೆ ಅವರು, ‘ನನಗೆ ಅವತ್ತೇ ಗೊತ್ತಿತ್ತು’ ಎಂದರು. ‘ನೀನು ಚಪ್ಪಲಿ ಹಾಕಿಕೊಂಡ ರೀತಿಯಲ್ಲೇ ಗೊತ್ತಾಯಿತು. ಹೇಳಿದ್ದರೆ ನಿಮ್ಮಮ್ಮ ನಂಬುತ್ತಿದ್ದಳಾ? ಮಗನನ್ನು ಬಿಟ್ಟು ನನ್ನನ್ನು ನಂಬುತ್ತಿದ್ದಳಾ?’ ನನ್ನ ಹತ್ತಿರ ಉತ್ತರವಿರಲಿಲ್ಲ. ‘ನಿಂತು ನೋಡಬೇಡ, ಹೊತ್ತು ಮೀರುತ್ತದೆ, ಕೈ ತೊಳೆದುಕೊಂಡು ಬಂದು ಆರಿಸು’ ಎಂದರು.

ಮೂರು ಗಂಟೆ ಕಾಲ ಅವರ ಮಗಳು, ಮೊಮ್ಮಗ, ಅವರು, ನಾನು ಹುಳು ಆರಿಸಿದೆವು. ಮೊದಮೊದಲು ನನ್ನ ಕೈಯಲ್ಲಿ ಎರಡು ಹುಳು ಜಜ್ಜಿಹೋದವು. ‘ಹಿಡಿಯಬೇಡ, ಎತ್ತು’ ಎಂದರು.

ಕೆಲಸ ಮುಗಿದ ಮೇಲೆ ಹಣದ ಮಾತು ಎತ್ತಿದೆ. ನಮ್ಮ ಮನೆ ಬಿಟ್ಟ ಮೇಲೆ ಏಳು ತಿಂಗಳು ಯಾರೂ ಕೆಲಸ ಕೊಡಲಿಲ್ಲವಂತೆ. ಏಳು ತಿಂಗಳಿಗೆ 12,600. ಮೇಷ್ಟ್ರು ಹೇಳಿದ ಹಾಗೆ ಐದನೆಯ ಒಂದು ಪಾಲು ಸೇರಿಸಿ 15,120 ಲಕೋಟೆಯಲ್ಲಿಟ್ಟೆ. ಅವರು ಎಣಿಸಿ 12,600 ಇಟ್ಟುಕೊಂಡು 2,520ನ್ನು ಹಿಂದಕ್ಕೆ ತಳ್ಳಿದರು. ‘ಇದು ನನ್ನದು. ಅದು ನನ್ನದಲ್ಲ’ ಎಂದರು. ನಾನು ಒತ್ತಾಯ ಮಾಡಲಿಲ್ಲ. ಯಾರದ್ದೋ ವಸ್ತುವನ್ನು ಇಟ್ಟುಕೊಳ್ಳದವರು ಎಂಬುದನ್ನು ಆ ಮನೆಯ ಮಗನಾದ ನನ್ನ ಮುಂದೆ ತೋರಿಸುವ ಹಕ್ಕು ಅವರಿಗಿತ್ತು.

ಆಮೇಲೆ ಕೇಳಿದ್ದು ಒಂದೇ. ನಮ್ಮ ಬೀದಿಯಲ್ಲಿ ಅವರು ಇನ್ನೂ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಸುದ್ದಿ ಹಬ್ಬಿ ಮೂವರೂ ಬೇಡವೆಂದಿದ್ದರು. ‘ಆ ಮೂರು ಮನೆಗೂ ಹೋಗಿ ಹೇಳು. ನಾನು ಜೊತೆಗೆ ಬರುವುದಿಲ್ಲ. ನೀನೇ ಹೇಳು’ ಎಂದರು. ಎರಡು ಮನೆಗಳಿಗೆ ಹೋಗಿ ಬಂದೆ. ಮೊದಲನೆಯ ಮನೆಯ ಹಿರಿಯರು ಕಾಫಿ ಕೊಟ್ಟು, ಹಳೆಯದನ್ನು ಯಾಕೆ ಕೆದಕುತ್ತೀಯಪ್ಪ, ಅಮ್ಮನ ಹೆಸರು ಹಾಳು ಮಾಡಬೇಡ ಎಂದರು. ಎರಡನೆಯ ಮನೆಯಾಕೆ ಏನೂ ಹೇಳದೆ ಒಳಗೆ ಹೋಗಿ ಒಂದು ಚೀಟಿ ತಂದು ಅದರಲ್ಲಿ ಆಕೆಯ ಊರಿನ ಹೆಸರು ಬರೆಯಿಸಿಕೊಂಡರು. ಮೂರನೆಯವರು ಬೆಂಗಳೂರಿಗೆ ಹೋಗಿದ್ದಾರೆ, ಫೋನ್ ನಂಬರ್ ಸಿಕ್ಕಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿ ಹೊರಡಲು ರಜೆ ಕೇಳಿದ್ದೇನೆ.

ಒಂದು ಸಣ್ಣ ಸಂಗತಿ. ಶಿಷ್ಯ ಪೇತ್ರನು ಯೇಸುವನ್ನು ತಾನು ಅರಿಯೆನೆಂದು ಹೇಳಿದ್ದು ಇದ್ದಲಿನ ಬೆಂಕಿಯ ಬಳಿ. ಪುನರುತ್ಥಾನದ ನಂತರ ಯೇಸು ದಡದಲ್ಲಿ ಅವನಿಗೆ ಊಟ ಸಿದ್ಧಮಾಡಿದ್ದೂ ಇದ್ದಲಿನ ಬೆಂಕಿಯ ಮೇಲೆ. ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಬರುವುದು ಈ ಎರಡು ಕಡೆ ಮಾತ್ರ ಎಂದು ಗುರುಗಳು ಹೇಳಿದರು. ಅದೇ ಹೊಗೆಯ ವಾಸನೆಯ ಮುಂದೆ ಕೂರಿಸಿ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದನಂತೆ. ನಮ್ಮ ಬೀದಿಯಲ್ಲಿ ಬಾಗಿಲು ತಟ್ಟುವಾಗ ಅದು ನೆನಪಾಯಿತು. ನಾನು ಓಡಿಹೋಗಿದ್ದ ಬೀದಿಗೇ ಅವನು ನನ್ನನ್ನು ಕರೆದುಕೊಂಡು ಬಂದಿದ್ದ.

ರಾತ್ರಿಪಾಳಿ · ಅದೇ ರಾತ್ರಿ

ಓದಿ ಕಣ್ಣು ತುಂಬಿತು. ಆಕೆ ಕ್ಷಮಿಸಿದೆ ಎಂದರೇ? ಭಾನುವಾರ ಪರಮಪ್ರಸಾದಕ್ಕೆ ಎದ್ದಿರಾ?

ಕಬ್ಬಿನಗದ್ದೆ · ಅದೇ ರಾತ್ರಿ

ಎದ್ದೆ. ಸಾಲಿನಲ್ಲಿ ಕೊನೆಯವನಾಗಿ ನಿಂತೆ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಬೇಕು, ಮೂಟೆ ಹೊರಲು ಅಳಿಯ ಊರಲ್ಲಿಲ್ಲ, ಬರುತ್ತೀಯಾ ಎಂದು ಕೇಳಿದರು. ಹೋದ ವಾರ ಹೋಗಿ ಬಂದೆ. ಮುಂದಿನ ಬೆಳೆಗೂ ಬಾ ಎಂದಿದ್ದಾರೆ.

ಮಾತು ಕಡಿಮೆ · ಮರುದಿನ ಬೆಳಗ್ಗೆ

ಬೆಂಗಳೂರಿನ ಮನೆಗೂ ಹೋಗಿ ಬಂದ ಮೇಲೆ ಇಲ್ಲಿ ಬರೆಯಿರಿ. ಕಾಯುತ್ತಿರುತ್ತೇನೆ.